ಕಾಲಿನ ಕಸುವೂ ನೆಲದ ಸೆಳೆತವೂ

ಚಂದ್ರನ ಮೇಲೆ ನಿಂತು ಜಿಗಿದವನು ಭೂಮಿಯ ಮೇಲೆ ಜಿಗಿಯುವುದಕ್ಕಿಂತ ಆರು ಪಟ್ಟು ಎತ್ತರಕ್ಕೆ ಏರುವನೆಂಬ ಮಾತು ಇಂದು ಪ್ರಾಥಮಿಕ ಶಾಲೆಯ ಬಾಲಕರ ಬಾಯಲ್ಲಿಯೂ ಕೇಳಿಬರುತ್ತದೆ. ಮಾತು ಸುಳ್ಳಲ್ಲ. ಆದರೆ ಯಾವುದರ ಆರು ಪಟ್ಟು, ಏತಕ್ಕಾಗಿ ಆರು ಪಟ್ಟು, ಯಾವ ನಿಬಂಧನೆಗೆ ಒಳಪಟ್ಟು ಆರು ಪಟ್ಟು ಎಂದು ಮರುಪ್ರಶ್ನೆ ಹಾಕಿದೊಡನೆ ಬಾಯಿಪಾಠದ ಉತ್ತರ ನಿಂತುಹೋಗುತ್ತದೆ. ಅರ್ಥವರಿಯದೆ ಒಪ್ಪಿಸಿದ ಸೂತ್ರವು ಬಿತ್ತದೆ ಬಿಟ್ಟ ಬೀಜದಂತೆ, ಕಣಜದಲ್ಲಿರುತ್ತದೆ, ಮೊಳೆಯುವುದಿಲ್ಲ. ಆದುದರಿಂದ ಆ ಮಾತನ್ನು ಬಿಡಿಸಿ ನೋಡುವುದು ವಿದ್ಯಾರ್ಥಿಗಳಿಗೆ ಹಿತವಾದೀತು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆಯ ಮಕ್ಕಳಿಗೆ ಈ ವಿಷಯದ ಪ್ರಯೋಗಶಾಲೆ ದೂರದಲ್ಲಿಲ್ಲ. ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲನ್ನು ಎತ್ತುವ ಪೈಲವಾನ, ನಾಗರ ಪಂಚಮಿಯಂದು ಜೋಕಾಲಿ ಜೀಕುವ ಹೆಣ್ಣುಮಕ್ಕಳು, ಪಂದ್ಯ ಕಟ್ಟಿ ನಿಂಬೆಹಣ್ಣು ಒಗೆಯುವ ತರುಣರು, ಸಂತೆಯಲ್ಲಿ ಜೋಳದ ಚೀಲವನ್ನು ಬೆನ್ನಿಗೇರಿಸುವ ಹಮಾಲ, ಇವರೆಲ್ಲರೂ ದಿನವಹಿ ನೆಲದ ಸೆಳೆತದೊಡನೆ ಸೆಣಸುತ್ತಿರುವವರೇ. ಅವರ ಕಸುವನ್ನು ಹಾಗೆಯೇ ಇರಿಸಿ, ಕಾಲಕೆಳಗಿನ ನೆಲವನ್ನು ಮಾತ್ರ ಬದಲಿಸಿದರೆ ಏನಾದೀತೆಂಬುದೇ ಈ ಪಾಠದ ವಿಷಯ.

ಭಾರವು ಯಾರದು?

ಮೊದಲು ಭಾರವೆಂಬುದು ಎಲ್ಲಿರುತ್ತದೆ ಎಂಬುದನ್ನು ವಿಚಾರಿಸಬೇಕು. 'ಗುರು' ಎಂದರೆ ಭಾರವಾದುದು. ಅದರ ಭಾವವೇ ಗುರುತ್ವ. ವೈಶೇಷಿಕ ದರ್ಶನದವರು ಗುರುತ್ವವನ್ನು ಇಪ್ಪತ್ತನಾಲ್ಕು ಗುಣಗಳಲ್ಲಿ ಒಂದಾಗಿ ಎಣಿಸಿ, ಅದು ಪೃಥ್ವೀದ್ರವ್ಯದಲ್ಲಿಯೂ ಜಲದ್ರವ್ಯದಲ್ಲಿಯೂ ನೆಲೆಸಿರುವುದೆಂದೂ ವಸ್ತುವಿನ ಮೊದಲ ಪತನಕ್ಕೆ ಅದೇ ಕಾರಣವೆಂದೂ ನಿರೂಪಿಸಿದರು. ಅವರ ಮತದಂತೆ ಭಾರವು ಬೀಳುವ ವಸ್ತುವಿನ ಸ್ವಂತ ಸೊತ್ತು.

ಕ್ರಿ. ಶ. 1114ರಲ್ಲಿ ಜನಿಸಿದ ಭಾಸ್ಕರಾಚಾರ್ಯನು ಈ ವಿಚಾರಕ್ಕೆ ಬೇರೊಂದು ತಿರುವು ಕೊಟ್ಟನು. ಆತನು ತನ್ನ ಊರೆಂದು ಹೇಳಿಕೊಂಡಿರುವ ವಿಜ್ಜಡವಿಡವು ಇಂದಿನ ವಿಜಯಪುರವೇ ಎಂದು ಕೆಲವು ವಿದ್ವಾಂಸರೂ, ಖಾನದೇಶದ ಪಾಟಣದ ಸಮೀಪದ್ದೆಂದು ಬೇರೆ ವಿದ್ವಾಂಸರೂ ವಾದಿಸುತ್ತಾರೆ. ಊರು ಯಾವುದಾದರೂ ಇರಲಿ, 1150ರಲ್ಲಿ ರಚಿಸಿದ 'ಸಿದ್ಧಾಂತ ಶಿರೋಮಣಿ'ಯ ಗೋಲಾಧ್ಯಾಯದಲ್ಲಿ ಆತನು ಭೂಮಿಗೆ ಸೆಳೆಯುವ ಶಕ್ತಿಯುಂಟೆಂದೂ, ಆಕಾಶದಲ್ಲಿರುವ ಭಾರವಸ್ತುವನ್ನು ಅದು ತನ್ನೆಡೆಗೆ ಎಳೆಯುವುದರಿಂದ ಆ ವಸ್ತು ಬೀಳುವಂತೆ ತೋರುವುದೆಂದೂ ಸ್ಪಷ್ಟಪಡಿಸಿದನು. ಸುತ್ತಲೂ ಆಕಾಶ ಸಮವಾಗಿರಲು ಭೂಮಿ ತಾನು ಎಲ್ಲಿಗೆ ಬೀಳಬೇಕೆಂದು ಕೇಳಿ ಸಂದೇಹವನ್ನೂ ಪರಿಹರಿಸಿದನು. ಹೀಗೆ ವಸ್ತುವಿನಲ್ಲಿದ್ದ ಪತನದ ಕಾರಣವು ನೆಲಕ್ಕೆ ಬಂದಿತು.

1687ರಲ್ಲಿ ನ್ಯೂಟನ್ನನು ಇವೆರಡನ್ನೂ ಕೂಡಿಸಿದನು. ನೆಲವು ವಸ್ತುವನ್ನು ಎಷ್ಟು ಬಲದಿಂದ ಸೆಳೆಯುವುದೋ ಅಷ್ಟೇ ಬಲದಿಂದ ವಸ್ತುವೂ ನೆಲವನ್ನು ಸೆಳೆಯುವುದು. ಈ ಬಲವು ಇಬ್ಬರ ದ್ರವ್ಯರಾಶಿಗಳ ಗುಣಲಬ್ಧಕ್ಕೆ ತಕ್ಕಂತೆ ಹೆಚ್ಚುವುದು. ಇಬ್ಬರ ಕೇಂದ್ರಗಳ ನಡುವಣ ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುವುದು. ಬಾಲಕನು ಜಿಗಿದಾಗ ಭೂಮಿಯೂ ಅವನತ್ತ ಸೆಳೆಯಲ್ಪಡುತ್ತದೆ. ಅದರ ಗಾತ್ರದ ಮುಂದೆ ಆ ಚಲನೆ ಗಣನೆಗೆ ಬಾರದಷ್ಟು ಅಲ್ಪವೆಂಬುದಷ್ಟೇ ಭೇದ. ಅಂದಮೇಲೆ ತೂಕವೆಂಬುದು ವಸ್ತುವಿನ ಸೊತ್ತೂ ಅಲ್ಲ, ನೆಲದ ಸೊತ್ತೂ ಅಲ್ಲ. ಅದು ಇಬ್ಬರ ನಡುವಣ ಸಂಬಂಧ. ಈ ಒಂದು ಮಾತನ್ನು ಮನಗಂಡರೆ ಮುಂದಿನದೆಲ್ಲ ಸುಲಭ.

ತಕ್ಕಡಿ ಹೇಳುವ ಸತ್ಯ

ನೂರು ಕಿಲೋಗ್ರಾಂ ಜೋಳ ತುಂಬಿದ ಚೀಲವೊಂದನ್ನು ಸಿಂದಗಿಯ ಸಂತೆಯಿಂದ ಚಂದ್ರನಲ್ಲಿಗೆ ಒಯ್ದರೆಂದು ಭಾವಿಸೋಣ. ಸ್ಪ್ರಿಂಗಿನ ತೂಕಯಂತ್ರಕ್ಕೆ ಅದನ್ನು ತೂಗುಹಾಕಿದರೆ ಮುಳ್ಳು ಹದಿನಾರೂವರೆ ಕಿಲೋಗ್ರಾಮಿನ ಬಳಿ ನಿಲ್ಲುವುದು. ಆದರೆ ಎರಡು ಪರಡಿಯ ತಕ್ಕಡಿಯಲ್ಲಿಟ್ಟು ಕಲ್ಲು ಹಾಕಿ ತೂಗಿದರೆ ಅಲ್ಲಿಯೂ ನೂರು ಕಿಲೋಗ್ರಾಮಿನ ಕಲ್ಲುಗಳೇ ಬೇಕಾಗುವುವು. ಏಕೆಂದರೆ ಜೋಳದ ಮೇಲಿನ ಸೆಳೆತವು ಎಷ್ಟರಮಟ್ಟಿಗೆ ಕುಗ್ಗಿದೆಯೋ ಕಲ್ಲಿನ ಮೇಲಿನ ಸೆಳೆತವೂ ಅಷ್ಟರಮಟ್ಟಿಗೇ ಕುಗ್ಗಿರುತ್ತದೆ. ಜೋಳದ ಒಂದು ಕಾಳೂ ಕಡಿಮೆಯಾಗಿಲ್ಲ. ತಕ್ಕಡಿ ಅಳೆದುದು ದ್ರವ್ಯರಾಶಿಯನ್ನು. ಸ್ಪ್ರಿಂಗು ಅಳೆದುದು ತೂಕವನ್ನು.

ಪೈಲವಾನನು ಎತ್ತುವ ನೂರು ಕಿಲೋಗ್ರಾಮಿನ ಕಲ್ಲನ್ನು ಚಂದ್ರನ ಮೇಲೆ ಶಾಲೆಯ ಹುಡುಗನೂ ಎತ್ತಬಲ್ಲನು. ಆದರೆ ಅದೇ ಕಲ್ಲು ಉರುಳುತ್ತ ಬಂದು ಮೊಣಕಾಲಿಗೆ ಬಡಿದರೆ ಪೆಟ್ಟಿನಲ್ಲಿ ರಿಯಾಯಿತಿ ದೊರೆಯದು. ಚಲಿಸುವುದನ್ನು ನಿಲ್ಲಿಸಲು, ನಿಂತುದನ್ನು ಚಲಿಸುವಂತೆ ಮಾಡಲು ಬೇಕಾಗುವ ಬಲವು ದ್ರವ್ಯರಾಶಿಯನ್ನು ಅವಲಂಬಿಸಿದೆ. ದ್ರವ್ಯರಾಶಿಯು ಎಲ್ಲ ಲೋಕಗಳಲ್ಲಿಯೂ ಒಂದೇ. ಕುಗ್ಗಿದುದು ತೂಕ, ಜಡತ್ವವಲ್ಲ.

ಆರರಲ್ಲಿ ಒಂದಂಶ ಹೇಗೆ ಬಂದಿತು?

ಚಂದ್ರನ ದ್ರವ್ಯರಾಶಿ ಭೂಮಿಯ ದ್ರವ್ಯರಾಶಿಯ 81ರಲ್ಲಿ ಒಂದಂಶ. ಅಷ್ಟನ್ನೇ ನೋಡಿದರೆ ಅಲ್ಲಿಯ ಸೆಳೆತವೂ 81ರಲ್ಲಿ ಒಂದಂಶವಾಗಬೇಕಿತ್ತು. ಆದರೆ ಚಂದ್ರನು ಚಿಕ್ಕವನಾದುದರಿಂದ ಅವನ ನೆಲವು ಕೇಂದ್ರಕ್ಕೆ ಹತ್ತಿರದಲ್ಲಿದೆ. ಭೂಮಿಯ ತ್ರಿಜ್ಯ 6371 ಕಿಲೋಮೀಟರ್, ಚಂದ್ರನದು 1737 ಕಿಲೋಮೀಟರ್. ಎಂದರೆ ಸುಮಾರು 3.67 ಪಟ್ಟು ಹತ್ತಿರ. ಇದರ ವರ್ಗ ಸುಮಾರು 13.5. ಈ ಹದಿಮೂರೂವರೆಯನ್ನು 81ರಿಂದ ಭಾಗಿಸಿದರೆ ಆರರಲ್ಲಿ ಒಂದಂಶ ದೊರೆಯುತ್ತದೆ.

ದೊಡ್ಡ ಲೋಕದಲ್ಲೆಲ್ಲ ತೂಕ ಬಹಳ ಹೆಚ್ಚಾಗುವುದೆಂಬ ಗ್ರಹಿಕೆಯೂ ಇದರಿಂದಲೇ ಹೋಗುತ್ತದೆ. ಶನಿಗ್ರಹದ ದ್ರವ್ಯರಾಶಿ ಭೂಮಿಯ 95 ಪಟ್ಟು. ಆದರೆ ಅದರ ತ್ರಿಜ್ಯವೂ ಒಂಬತ್ತೂವರೆ ಪಟ್ಟಿನಷ್ಟು. ಆದಕಾರಣ ಶನಿಯ ಮೋಡಗಳ ಮೇಲ್ಭಾಗದಲ್ಲಿ ಸೆಳೆತವು ಭೂಮಿಯದಕ್ಕಿಂತ ತುಸುವೇ ಹೆಚ್ಚು.

ಜಿಗಿತದ ಗಣಿತ

ಜಿಗಿತದಲ್ಲಿ ಎರಡು ಹಂತಗಳಿವೆ. ಮೊಣಕಾಲು ಬಗ್ಗಿಸಿ ನೆಲವನ್ನು ಒದೆಯುವುದು ಮೊದಲನೆಯದು. ಕಾಲು ನೆಲ ಬಿಟ್ಟ ಮೇಲೆ ದೇಹವು ಏರಿ ಇಳಿಯುವುದು ಎರಡನೆಯದು. ಕಾಲು ನೆಲ ಬಿಟ್ಟ ಮೇಲೆ ಜಿಗಿದವನ ಕೈಯಲ್ಲಿ ಏನೂ ಉಳಿಯುವುದಿಲ್ಲ; ಬಿಡುವ ಗಳಿಗೆಯಲ್ಲಿದ್ದ ವೇಗವೇ ಅವನ ಬಂಡವಾಳ. ನೆಲದ ಸೆಳೆತವು ಆ ಬಂಡವಾಳವನ್ನು ಕ್ಷಣಕ್ಷಣಕ್ಕೂ ಕರಗಿಸುತ್ತದೆ. ಅದು ಪೂರ್ತಿ ಕರಗಿದೆಡೆಯೇ ಜಿಗಿತದ ತುದಿ.

ಭೂಮಿಯ ಮೇಲೆ ಈ ಕರಗುವಿಕೆ ಪ್ರತಿ ಸೆಕೆಂಡಿಗೆ 9.8 ಮೀಟರ್ ವೇಗದಷ್ಟು. ಚಂದ್ರನ ಮೇಲೆ 1.62ರಷ್ಟು. ನಿಂತಲ್ಲಿಂದಲೇ ತನ್ನ ದೇಹವನ್ನು ಅರ್ಧ ಮೀಟರು ಎತ್ತರಕ್ಕೆ ಜಿಗಿಸಬಲ್ಲ ತರುಣನು ಸೆಕೆಂಡಿಗೆ ಸುಮಾರು 3.1 ಮೀಟರ್ ವೇಗದಿಂದ ನೆಲ ಬಿಡುತ್ತಾನೆ. ಅದೇ ವೇಗದಿಂದ ಚಂದ್ರನ ನೆಲವನ್ನು ಬಿಟ್ಟರೆ ಮೂರು ಮೀಟರು ಏರುತ್ತಾನೆ. ಇಲ್ಲಿ ಮೇಲೇರಿ ಇಳಿಯಲು 0.64 ಸೆಕೆಂಡು ಸಾಕು. ಅಲ್ಲಿ ಸುಮಾರು 3.9 ಸೆಕೆಂಡು ಬೇಕು. ಎತ್ತರವೂ ಆರು ಪಟ್ಟು, ಕಾಲವೂ ಆರು ಪಟ್ಟು. ಮೂರು ಮೀಟರು ಎತ್ತರದಿಂದ ಬಿದ್ದರೆ ಕಾಲು ಮುರಿಯದೇ ಎಂಬ ಶಂಕೆ ಬೇಡ. ಏರುವಾಗ ಇದ್ದ 3.1 ಮೀಟರಿನ ವೇಗವೇ ಇಳಿದು ನೆಲ ಮುಟ್ಟುವಾಗಲೂ ಇರುತ್ತದೆ.

ಇಲ್ಲಿ ಎರಡು ಎಚ್ಚರಿಕೆಗಳನ್ನು ಮನದಲ್ಲಿಡಬೇಕು. ಒಂದನೆಯದು, ಆರು ಪಟ್ಟಾಗುವುದು ದೇಹದ ಗುರುತ್ವಕೇಂದ್ರವು ಏರಿದ ಎತ್ತರವೇ ಹೊರತು ದಾಟಿದ ಕೋಲಿನ ಎತ್ತರವಲ್ಲ. ಎತ್ತರ ಜಿಗಿತದಲ್ಲಿ ಒಂದೂವರೆ ಮೀಟರಿನ ಕೋಲನ್ನು ದಾಟುವ ವಿದ್ಯಾರ್ಥಿಯು ಚಂದ್ರನಲ್ಲಿ ಒಂಬತ್ತು ಮೀಟರು ದಾಟುವನೆಂದರೆ ತಪ್ಪಾಗುತ್ತದೆ. ನಿಂತಿರುವಾಗಲೇ ಅವನ ಗುರುತ್ವಕೇಂದ್ರವು ನೆಲದಿಂದ ಸುಮಾರು 0.9 ಮೀಟರು ಎತ್ತರದಲ್ಲಿರುತ್ತದೆ. ಅವನು ನಿಜವಾಗಿ ಎತ್ತಿದುದು ಉಳಿದ 0.6 ಮೀಟರನ್ನು. ಅದರ ಆರು ಪಟ್ಟು 3.6, ಮೊದಲಿನ 0.9 ಸೇರಿ ನಾಲ್ಕೂವರೆ ಮೀಟರು. ಸ್ಥೂಲವಾಗಿ ಇದೇ ಸರಿಯಾದ ಉತ್ತರ.

ಎರಡನೆಯದು ಇದಕ್ಕಿಂತಲೂ ಸೂಕ್ಷ್ಮವಾದುದು. ನೆಲವನ್ನು ಒದೆಯುವಾಗಲೂ ಕಾಲುಗಳು ದೇಹದ ತೂಕವನ್ನು ಎತ್ತಬೇಕು. ನಮ್ಮ ತರುಣನು 40 ಸೆಂಟಿಮೀಟರು ಬಗ್ಗಿ, 50 ಸೆಂಟಿಮೀಟರು ಜಿಗಿದರೆ ಅವನ ಕಾಲುಗಳು ದೇಹವನ್ನು ಒಟ್ಟು 90 ಸೆಂಟಿಮೀಟರು ಎತ್ತಿದಂತಾಯಿತು. ಅಷ್ಟೇ ಶ್ರಮವನ್ನು ಚಂದ್ರನ ಮೇಲೆ ವ್ಯಯಿಸಿದರೆ ಬಗ್ಗಿದಲ್ಲಿಂದ 5.4 ಮೀಟರಿನವರೆಗೂ ದೇಹವೇರುವುದು. ಬಗ್ಗಿದ 40 ಸೆಂಟಿಮೀಟರನ್ನು ಕಳೆದರೆ ಜಿಗಿತ ಐದು ಮೀಟರು. ಆದರೆ ಸ್ನಾಯುಗಳು ವೇಗವಾಗಿ ಸಂಕುಚಿಸುವಾಗ ಅವುಗಳ ಬಲ ಕುಗ್ಗುವುದರಿಂದ ಈ ಲಾಭವು ಪೂರ್ತಿಯಾಗಿ ಕೈಗೂಡದು. ಬರಿಮೈಯ ಜಿಗಿತವು ಮೂರು ಮೀಟರಿಗೂ ಐದು ಮೀಟರಿಗೂ ನಡುವೆ ಎಲ್ಲಿಯೋ ನಿಲ್ಲುವುದೆನ್ನಬಹುದು.

ಪಂಚಮಿಯ ಆಟಗಳು ಚಂದ್ರನಲ್ಲಿ

ಜಿಗಿತಕ್ಕೆ ಅನ್ವಯಿಸುವ ನಿಯಮವೇ ಎಸೆತಕ್ಕೂ ಅನ್ವಯಿಸುತ್ತದೆ. ಇಂಡಿಯ ತೋಟದ ನಿಂಬೆಹಣ್ಣನ್ನು ಇಲ್ಲಿ 60 ಮೀಟರು ಒಗೆಯುವ ತರುಣನು ಅದೇ ವೇಗದಿಂದ ಚಂದ್ರನ ಮೇಲೆ ಒಗೆದರೆ 360 ಮೀಟರು ದಾಟುವುದು ಖಂಡಿತ; ತಡೆಯಲು ಅಲ್ಲಿ ಗಾಳಿಯೂ ಇಲ್ಲವಾದುದರಿಂದ ಇನ್ನೂ ತುಸು ಮುಂದೆ ಹೋದೀತು.

ಜೋಕಾಲಿಯ ಲೆಕ್ಕ ಬೇರೆ. ಐದು ಮೀಟರು ಹಗ್ಗದ ಜೋಕಾಲಿ ಇಲ್ಲಿ ಒಂದು ಸಲ ಹೋಗಿ ಬರಲು ಸುಮಾರು ನಾಲ್ಕೂವರೆ ಸೆಕೆಂಡು ಹಿಡಿಯುತ್ತದೆ. ಚಂದ್ರನ ಮೇಲೆ ಇದು ಆರು ಪಟ್ಟಾಗುವುದಿಲ್ಲ; ಆರರ ವರ್ಗಮೂಲದಷ್ಟು, ಎಂದರೆ ಸುಮಾರು ಎರಡೂವರೆ ಪಟ್ಟಾಗಿ 11 ಸೆಕೆಂಡು ಹಿಡಿಯುತ್ತದೆ. ಸೆಳೆತ ಒಂದೇ ಪ್ರಮಾಣದಲ್ಲಿ ಕುಗ್ಗಿದರೂ ಅದರ ಫಲ ಎಲ್ಲೆಡೆಯೂ ಒಂದೇ ಪ್ರಮಾಣದಲ್ಲಿ ಬದಲಾಗುವುದಿಲ್ಲವೆಂಬುದಕ್ಕೆ ಇದು ನಿದರ್ಶನ.

ಓಟದ ವಿಷಯದಲ್ಲಂತೂ ಲಾಭದ ಬದಲು ನಷ್ಟವೇ ಉಂಟು. ಪಾದವು ಜಾರದಂತೆ ಹಿಡಿಯುವ ಘರ್ಷಣೆಯು ತೂಕವನ್ನು ಅವಲಂಬಿಸಿದೆ. ತೂಕ ಆರರಲ್ಲಿ ಒಂದಾದರೆ ಹಿಡಿತವೂ ಅಷ್ಟೇ. ಓಡುವವನ ಜಡತ್ವ ಮಾತ್ರ ಮೊದಲಿನಂತೆಯೇ ಇರುವುದರಿಂದ ಫಕ್ಕನೆ ತಿರುಗುವುದೂ ನಿಲ್ಲುವುದೂ ಕಷ್ಟ. ಕಬಡ್ಡಿಯ ಆಟಗಾರನು ಗೆರೆ ಮುಟ್ಟಿ ಹಿಂದಿರುಗಲೆತ್ನಿಸಿ ಅಂಗಳದ ಹೊರಗೆ ಹೋಗಿ ನಿಂತಾನು. ಚಂದ್ರನ ಮೇಲೆ ನಡೆದಾಡಿದವರು ಓಡುವುದನ್ನು ಬಿಟ್ಟು ಕುಪ್ಪಳಿಸುತ್ತ ಸಾಗಿದುದು ಈ ಕಾರಣದಿಂದಲೇ.

ನಡೆದುಹೋದ ಜಿಗಿತಗಳು

ಇಷ್ಟು ಲೆಕ್ಕದ ಮಾತು. ನಡೆದ ಸಂಗತಿಯನ್ನು ನೋಡೋಣ. 1972ರ ಏಪ್ರಿಲಿನಲ್ಲಿ ಅಪೋಲೊ 16ರ ಯಾತ್ರಿಕ ಜಾನ್ ಯಂಗ್ ಎಂಬಾತನು ಚಂದ್ರನ ಮೇಲೆ ತನ್ನ ದೇಶದ ಧ್ವಜಕ್ಕೆ ವಂದಿಸುತ್ತ ಮೇಲಕ್ಕೆ ಜಿಗಿದನು. ಆತನು ನೆಲ ಬಿಟ್ಟು ಮತ್ತೆ ನೆಲ ಮುಟ್ಟುವವರೆಗೆ ಕಳೆದ ಕಾಲ 1.45 ಸೆಕೆಂಡು. ಇದರ ಅರ್ಧ 0.725, ಅದರ ವರ್ಗ 0.526; ಅದನ್ನು 1.62ರ ಅರ್ಧವಾದ 0.81ರಿಂದ ಗುಣಿಸಿದರೆ 0.42 ಮೀಟರು ಬರುತ್ತದೆ. ಎಂದರೆ ಆತನು ಏರಿದುದು ಸುಮಾರು 42 ಸೆಂಟಿಮೀಟರು ಮಾತ್ರ!

ಮೂರು ಮೀಟರು ಎಲ್ಲಿ, 42 ಸೆಂಟಿಮೀಟರು ಎಲ್ಲಿ? ಲೆಕ್ಕ ಸುಳ್ಳಾಯಿತೇ? ಇಲ್ಲ. ಆತನು ತೊಟ್ಟ ಉಡುಪೂ ಬೆನ್ನಿಗೆ ಕಟ್ಟಿದ ಪ್ರಾಣವಾಯುವಿನ ಪೆಟ್ಟಿಗೆಯೂ ಸೇರಿ ಆತನ ದೇಹದ ದ್ರವ್ಯರಾಶಿಗಿಂತ ಕಡಿಮೆಯೇನೂ ಇರಲಿಲ್ಲ. ಗಾಳಿ ತುಂಬಿ ಬಿಗಿದ ಆ ಉಡುಪಿನಲ್ಲಿ ಮೊಣಕಾಲು ಬಗ್ಗಿಸುವುದೇ ಪ್ರಯಾಸ. ಬಗ್ಗದ ಕಾಲು ಜಿಗಿಸುವುದಾದರೂ ಹೇಗೆ? 1971ರ ಫೆಬ್ರವರಿಯಲ್ಲಿ ಅಲನ್ ಶೆಪರ್ಡನು ಅಲ್ಲಿ ಹೊಡೆದ ಗಾಲ್ಫ್ ಚೆಂಡಿನ ಕಥೆಯೂ ಇದೇ. ಮೈಲುಗಟ್ಟಲೆ ಹೋಯಿತೆಂದು ಆತನು ವಿನೋದಕ್ಕೆ ಹೇಳಿದ ಚೆಂಡು ಸುಮಾರು 36 ಮೀಟರು ಹೋಗಿತ್ತೆಂದು 2021ರಲ್ಲಿ ಹಳೆಯ ಚಿತ್ರಗಳ ಪರಿಶೀಲನೆಯಿಂದ ತಿಳಿದುಬಂದಿತು.

ಯಂಗನ ಜೊತೆಗಾರ ಚಾರ್ಲ್ಸ್ ಡ್ಯೂಕನು ಅದೇ ಯಾತ್ರೆಯ ಕೊನೆಗೆ ಎತ್ತರ ಜಿಗಿಯಲು ಹೋಗಿ, ಬೆನ್ನ ಪೆಟ್ಟಿಗೆಯ ಭಾರಕ್ಕೆ ಹಿಂದಕ್ಕೆ ವಾಲಿ ಬೆನ್ನಡಿಯಾಗಿ ಬಿದ್ದನು. ಪೆಟ್ಟಿಗೆ ಒಡೆದಿದ್ದರೆ ಉಸಿರೇ ನಿಲ್ಲುತ್ತಿತ್ತು, ಅದೃಷ್ಟವಶಾತ್ ಅಪಾಯವಾಗಲಿಲ್ಲ. ತೂಕ ಕುಗ್ಗಿದರೂ ಜಡತ್ವ ಕುಗ್ಗದೆಂಬ ಪಾಠದ ವಾಕ್ಯವು ಅಲ್ಲಿ ಒಬ್ಬನ ಪ್ರಾಣದ ಪ್ರಶ್ನೆಯಾಗಿತ್ತು.

ಭಾರತವೂ ಚಂದ್ರನ ಮೇಲೆ ಒಂದು ಜಿಗಿತವನ್ನು ಸಾಧಿಸಿದೆ. 2023ರ ಜುಲೈ 14ರಂದು ಶ್ರೀಹರಿಕೋಟೆಯಿಂದ ಹೊರಟ ಚಂದ್ರಯಾನ-3ರ ವಿಕ್ರಮ್ ನೌಕೆಯು ಆಗಸ್ಟ್ 23ರ ಸಂಜೆ ಚಂದ್ರನ ದಕ್ಷಿಣ ಧ್ರುವದ ಕಡೆಯ ಪ್ರದೇಶದಲ್ಲಿ ಇಳಿಯಿತು. ಅದನ್ನು ನಡೆಸಿದ ನಿಯಂತ್ರಣ ಕೇಂದ್ರವಿದ್ದುದು ಬೆಂಗಳೂರಿನಲ್ಲಿ. ನಿಯೋಜಿತ ಕೆಲಸಗಳು ಮುಗಿದ ಮೇಲೆ ಸೆಪ್ಟೆಂಬರ್ 3ರಂದು ಚಾಚಿದ ಉಪಕರಣಗಳನ್ನು ಮಡಚಿಕೊಂಡು, ಆಜ್ಞೆಯಂತೆ ಎಂಜಿನುಗಳನ್ನು ಉರಿಸಿ, ವಿಕ್ರಮ್ ಸುಮಾರು 40 ಸೆಂಟಿಮೀಟರು ಮೇಲೇರಿ 30-40 ಸೆಂಟಿಮೀಟರು ಆಚೆಗೆ ಕ್ಷೇಮವಾಗಿ ಇಳಿಯಿತು. ಯಂಗನ ಜಿಗಿತವೂ ವಿಕ್ರಮನ ಜಿಗಿತವೂ ಎತ್ತರದಲ್ಲಿ ಬಹುತೇಕ ಸಮಾನ. ಒಂದು ಸ್ನಾಯುಬಲದ್ದು, ಇನ್ನೊಂದು ಎಂಜಿನಿನದ್ದು. ಮೊಳದಷ್ಟರ ಈ ಜಿಗಿತವು ಅಲ್ಪವೆಂದು ತೋರಬಹುದು. ಆದರೆ ಇಳಿದ ನೌಕೆಯು ಮತ್ತೆ ಏಳಬಲ್ಲುದೆಂಬುದೇ ಅದರ ಅರ್ಥ; ಏಳಲಾರದ ನೌಕೆಯಲ್ಲಿ ಮನುಷ್ಯನನ್ನು ಕಳುಹುವಂತಿಲ್ಲ. 2040ರೊಳಗೆ ಭಾರತೀಯನನ್ನು ಚಂದ್ರನ ಮೇಲೆ ಇಳಿಸುವ ಗುರಿಯನ್ನು ಭಾರತವು 2023ರಲ್ಲಿ ಪ್ರಕಟಿಸಿದೆ. ಅಂದು ಅಲ್ಲಿ ಕಾಲಿಡುವವರು ಇಂದು ಎಲ್ಲಿಯೋ ಶಾಲೆಯ ಹಲಗೆಯ ಮುಂದೆ ಕುಳಿತಿರಬಹುದು.

ಇತರ ಲೋಕಗಳು

ನಿಂತಲ್ಲಿಂದ ಅರ್ಧ ಮೀಟರು ಜಿಗಿಯುವ ತರುಣನು ಅದೇ ವೇಗದಿಂದ ಬೇರೆ ಲೋಕಗಳ ನೆಲ ಬಿಟ್ಟರೆ ಎಷ್ಟು ಏರುವನು, ಎಷ್ಟು ಹೊತ್ತು ಮೇಲಿರುವನು ಎಂಬುದನ್ನು ಈ ಪಟ್ಟಿಯಲ್ಲಿ ನೋಡಬಹುದು. ಗಾಳಿಯ ತಡೆಯನ್ನೂ ಉಡುಪಿನ ಹೊರೆಯನ್ನೂ ಇಲ್ಲಿ ಗಣಿಸಿಲ್ಲ.

ಶುಕ್ರ: 55 ಸೆಂಟಿಮೀಟರು, 0.7 ಸೆಕೆಂಡು
ಮಂಗಳ: 1.3 ಮೀಟರು, 1.7 ಸೆಕೆಂಡು
ಬುಧ: 1.3 ಮೀಟರು, 1.7 ಸೆಕೆಂಡು
ಚಂದ್ರ: 3 ಮೀಟರು, 3.9 ಸೆಕೆಂಡು
ಶನಿಯ ಉಪಗ್ರಹ ಟೈಟನ್: 3.6 ಮೀಟರು, 4.6 ಸೆಕೆಂಡು
ಪ್ಲೂಟೊ: 8 ಮೀಟರು, 10 ಸೆಕೆಂಡು
ಸೆರೆಸ್ ಎಂಬ ಕಿರುಗ್ರಹ: 17 ಮೀಟರು, 22 ಸೆಕೆಂಡು

ಬುಧನು ಮಂಗಳನಿಗಿಂತ ಚಿಕ್ಕವನಾದರೂ ಹೆಚ್ಚು ಸಾಂದ್ರನಾದುದರಿಂದ ಇಬ್ಬರ ನೆಲದ ಸೆಳೆತವೂ ಸಮವಾಗಿದೆ. ಗುರುಗ್ರಹದಲ್ಲಿ ನಿಲ್ಲಲು ನೆಲವೇ ಇಲ್ಲ. ಅದರ ಮೋಡಗಳ ಎತ್ತರದಲ್ಲಿ ಸೆಳೆತವು ಭೂಮಿಯ ಎರಡೂವರೆ ಪಟ್ಟು; ಅಲ್ಲೊಂದು ಹಲಗೆ ಹಾಸಿ ನಿಲ್ಲಿಸಿದರೂ 60 ಕಿಲೋಗ್ರಾಮಿನವನಿಗೆ ತನ್ನ ಮೈಯೇ 150 ಕಿಲೋಗ್ರಾಮಿನಂತೆ ಭಾರವಾಗುವುದು. ಜಿಗಿಯುವ ಮಾತಿರಲಿ, ಮೊಣಕಾಲೂರಿ ಬಗ್ಗಿದವನು ನೆಟ್ಟಗೆ ನಿಂತರೆ ಅದೇ ಸಾಹಸ.

ಇನ್ನೊಂದು ತುದಿಯಲ್ಲಿ ಕಿರಿಯ ಲೋಕಗಳಿವೆ. ಮಂಗಳನ ಉಪಗ್ರಹ ಡೀಮೋಸಿನಿಂದ ಪೂರ್ತಿ ಬಿಡಿಸಿಕೊಂಡು ಹೋಗಲು ಸೆಕೆಂಡಿಗೆ 5.6 ಮೀಟರ್ ವೇಗ ಸಾಕು. ನಮ್ಮ ತರುಣನು ಅಲ್ಲಿ ಜಿಗಿದರೆ ಎರಡು ಕಿಲೋಮೀಟರಿಗೂ ಹೆಚ್ಚು ಏರಿ, ಅರ್ಧ ಗಂಟೆಗೂ ಹೆಚ್ಚು ಹೊತ್ತು ಕಳೆದು ಹಿಂದಿರುಗಿಯಾನು. ಅದಕ್ಕಿಂತಲೂ ಬಹಳ ಕಿರಿದಾದ ಕ್ಷುದ್ರಗ್ರಹದಲ್ಲಿ ಜಿಗಿದವನು ಹಿಂದಿರುಗಲಾರನು. 2014ರ ನವೆಂಬರ್ 12ರಂದು ಒಂದು ಧೂಮಕೇತುವಿನ ಮೇಲೆ ಇಳಿದ ಫಿಲೇ ಎಂಬ ನೌಕೆಯು ನೆಲಕ್ಕೆ ಅಂಟಿಕೊಳ್ಳಲಾರದೆ ಪುಟಿದು, ಸುಮಾರು ಒಂದು ಕಿಲೋಮೀಟರು ಮೇಲೇರಿ, ಮತ್ತೆ ನೆಲ ಮುಟ್ಟಲು ಎರಡು ಗಂಟೆಗೆ ಸಮೀಪದ ಕಾಲ ತೆಗೆದುಕೊಂಡಿತು. ಸಾವಕಾಶದ ನಡಿಗೆಯ ವೇಗದಿಂದ ಇಳಿದುದಕ್ಕೆ ಇಷ್ಟು! 2018ರ ಸೆಪ್ಟೆಂಬರಿನಲ್ಲಿ ಜಪಾನಿನ ಹಯಬುಸಾ-2 ನೌಕೆಯು ರ್ಯುಗು ಎಂಬ ಕ್ಷುದ್ರಗ್ರಹದ ಮೇಲೆ ಇಳಿಸಿದ ಪುಟ್ಟ ಯಂತ್ರಗಳಿಗೆ ಚಕ್ರಗಳನ್ನೇ ಜೋಡಿಸಿರಲಿಲ್ಲ. ತೂಕವಿಲ್ಲದೆಡೆ ಹಿಡಿತವಿಲ್ಲ; ಹಿಡಿತವಿಲ್ಲದೆಡೆ ಚಕ್ರದಿಂದ ಫಲವಿಲ್ಲ. ಆದುದರಿಂದ ಅವು ಮಿಡತೆಯಂತೆ ಕುಪ್ಪಳಿಸಿಯೇ ಸಂಚರಿಸಿದವು.

ಇದರಿಂದ ತಿಳಿಯುವುದೇನೆಂದರೆ, ಎತ್ತರವು ಜಿಗಿದವನ ಸ್ವಂತ ಸಾಧನೆಯಷ್ಟೇ ಅಲ್ಲ. ಕಾಲಿನ ಕಸುವೂ ನೆಲದ ಸೆಳೆತವೂ ಕೂಡಿ ಕೊಟ್ಟ ಫಲ. ಸೆಳೆತವಿಲ್ಲದಿದ್ದರೆ ಇನ್ನೂ ಎತ್ತರಕ್ಕೆ ಹೋಗಬಹುದೆಂದು ಅದನ್ನು ಹಗೆಯೆಂದು ಎಣಿಸುವುದೂ ತರವಲ್ಲ. ಒದೆಯಲು ನೆಲ ಒದಗಿಸುವುದೂ ಅದೇ, ಜಿಗಿದವನನ್ನು ಮರಳಿ ಮನೆಗೆ ತರುವುದೂ ಅದೇ.

ಅಭ್ಯಾಸ

1. ಗೋಡೆಯ ಪಕ್ಕದಲ್ಲಿ ನಿಂತು ಕೈಯೆತ್ತಿ ಸುಣ್ಣದ ಕಡ್ಡಿಯಿಂದ ಗುರುತು ಮಾಡಿರಿ. ಬಳಿಕ ಜಿಗಿದು ಇನ್ನೊಂದು ಗುರುತು ಮಾಡಿರಿ. ಎರಡರ ಅಂತರವನ್ನು ಅಳೆದು, ಅದೇ ವೇಗದ ಜಿಗಿತವು ಚಂದ್ರನಲ್ಲಿಯೂ ಮಂಗಳನಲ್ಲಿಯೂ ಎಷ್ಟಾಗುವುದೆಂದು ಲೆಕ್ಕಿಸಿರಿ.

2. ಒಬ್ಬ ವಿದ್ಯಾರ್ಥಿಯು 1.3 ಮೀಟರಿನ ಕೋಲನ್ನು ದಾಟುತ್ತಾನೆ. ನಿಂತಾಗ ಅವನ ಗುರುತ್ವಕೇಂದ್ರದ ಎತ್ತರ 0.8 ಮೀಟರು. ಚಂದ್ರನಲ್ಲಿ ಅವನು ಎಷ್ಟು ಎತ್ತರದ ಕೋಲನ್ನು ದಾಟಬಹುದು?

3. ಚಂದ್ರನಲ್ಲಿ ಜೋಳ ಮಾರುವ ವ್ಯಾಪಾರಿಯು ಭೂಮಿಯಿಂದ ತಂದ ಸ್ಪ್ರಿಂಗಿನ ತೂಕಯಂತ್ರವನ್ನು ಬಳಸಿದರೆ ನಷ್ಟವಾಗುವುದು ಯಾರಿಗೆ, ಕೊಳ್ಳುವವನಿಗೋ ಮಾರುವವನಿಗೋ? ಕಾರಣ ಕೊಡಿರಿ.